ಹದಿನೆಂಟು ವರ್ಷ ಮುಚ್ಚಿಟ್ಟ ಪಾಪವನ್ನು ಈಗ ನಿವೇದಿಸುವುದು ಹೇಗೆ?

ಪ್ರಶ್ನೆ: ಪೂಜ್ಯ ಸ್ವಾಮಿಗಳೇ, ನಾನು ಹುಟ್ಟಿನಿಂದ ಕಥೋಲಿಕ. ವಯಸ್ಸು ಐವತ್ತು ದಾಟಿದೆ. ಹದಿನೆಂಟು ವರ್ಷಗಳ ಹಿಂದೆ, ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಕಡೆ ಯಾರಿಗೂ ತಿಳಿಯದಂತೆ ಒಂದಿಷ್ಟು ಹಣ ತೆಗೆದುಕೊಂಡೆ. ಅನುಮಾನ ಜೊತೆಗಾರರೊಬ್ಬರ ಮೇಲೆ ಬಿದ್ದು ಅವರು ಕೆಲಸ ಕಳೆದುಕೊಂಡರು. ನಾನು ಬಾಯಿ ಬಿಡಲಿಲ್ಲ. ಅಂದಿನಿಂದ ಪಾಪನಿವೇದನೆಗೆ ಹೋದಾಗಲೆಲ್ಲ ಬೇರೆಲ್ಲವನ್ನೂ ಹೇಳಿ, ಇದೊಂದನ್ನು ಬಿಟ್ಟು, ಕೊನೆಗೆ ‘ನನ್ನ ಹಿಂದಿನ ಎಲ್ಲ ಪಾಪಗಳಿಗೂ ಕ್ಷಮೆ ಕೇಳುತ್ತೇನೆ’ ಎಂದು ಸೇರಿಸುತ್ತಾ ಬಂದಿದ್ದೇನೆ. ದೇವರ ಮುಂದೆ ಒಬ್ಬನೇ ಕುಳಿತು ಅತ್ತಿದ್ದೇನೆ. ಅದು ಸಾಲದೇ? ಗುರುಗಳಿಗೇ ಏಕೆ ಹೇಳಬೇಕು? ಹೇಳಿದರೆ ಗುಟ್ಟು ಉಳಿಯುತ್ತದೆಯೇ? ಇಷ್ಟು ವರ್ಷ ಬಲಿಪೂಜೆಯಲ್ಲಿ ಕ್ರಿಸ್ತರ ಶರೀರವೆಂದು ಸ್ವೀಕರಿಸಿದ ಪರಮಪ್ರಸಾದದ ಗತಿಯೇನು? ಹಣದ ಒಡೆಯರು ತೀರಿಕೊಂಡಿದ್ದಾರೆ, ಆ ಜೊತೆಗಾರರು ಈಗ ಎಲ್ಲಿದ್ದಾರೋ ತಿಳಿಯದು.

ಉತ್ತರ: ಪ್ರಿಯ ಸಹೋದರರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂರು ದಶಕಗಳಿಂದ ಪಾಪನಿವೇದನಾ ಪೀಠದಲ್ಲಿ ಕುಳಿತವನಾಗಿ, ಅದಕ್ಕಿಂತಲೂ ಹೆಚ್ಚು ಕಾಲದಿಂದ ಅದೇ ಪೀಠದ ಮುಂದೆ ಮೊಣಕಾಲೂರಿದವನಾಗಿ ಮೊದಲು ಒಂದು ಮಾತು ಹೇಳಬೇಕು. ಹೆಸರಿಲ್ಲದ ಪತ್ರದಲ್ಲಾದರೂ ನೀವು ಈ ಪಾಪವನ್ನು ಅದರ ನಿಜವಾದ ಹೆಸರಿನಿಂದ ಕರೆದು, ಸಬೂಬು ಹೇಳದೆ ಬರೆದಿದ್ದೀರಿ. ನಿಮ್ಮಿಂದ ಆಗಬೇಕಾದ ಕೆಲಸದ ಅತ್ಯಂತ ಕಠಿಣ ಭಾಗ ಹೀಗೆ ಹೆಸರಿಸುವುದೇ ಆಗಿತ್ತು. ಅದನ್ನು ಕಾಗದದ ಮೇಲೆ ಮಾಡಲು ಸಾಧ್ಯವಾದವರಿಗೆ ದನಿಯೆತ್ತಿ ಮಾಡಲೂ ಸಾಧ್ಯ.

‘ದೇವರ ಮುಂದೆ ಅತ್ತರೆ ಸಾಲದೇ’ ಎಂಬ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದೆಲ್ಲವೂ ಅದರ ಉತ್ತರವನ್ನೇ ಅವಲಂಬಿಸಿದೆ. ಆ ಕಣ್ಣೀರು ವ್ಯರ್ಥವಾಗಿಲ್ಲ. ದಂಡನೆಯ ಭಯದಿಂದಲ್ಲದೆ, ಎಲ್ಲಕ್ಕಿಂತ ಹೆಚ್ಚಾಗಿ ಪ್ರೀತಿಸಬೇಕಾದ ದೇವರನ್ನು ನೋಯಿಸಿದೆನಲ್ಲ ಎಂಬ ಪ್ರೀತಿಯಿಂದಲೇ ಹುಟ್ಟಿದ ದುಃಖವನ್ನು ಧರ್ಮಸಭೆ (ಚರ್ಚ್) ಪರಿಪೂರ್ಣ ಪಶ್ಚಾತ್ತಾಪ ಎಂದು ಕರೆಯುತ್ತದೆ. ಅಂತಹ ಪಶ್ಚಾತ್ತಾಪವು ಮಾರಕ ಪಾಪಗಳಿಗೂ, ಅಂದರೆ ತಿಳಿದೂ ಮನಸ್ಸಾರೆ ಮಾಡಿದ ಗಂಭೀರ ಪಾಪಗಳಿಗೂ, ಕ್ಷಮೆಯನ್ನು ದೊರಕಿಸುತ್ತದೆ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥದ 1452ನೆಯ ಕಂಡಿಕೆ ಹೇಳುತ್ತದೆ. ಆದರೆ ಅದೇ ಕಂಡಿಕೆ ಆ ಪಶ್ಚಾತ್ತಾಪದೊಳಗೆ ಇರಲೇಬೇಕಾದ ಒಂದು ಅಂಶವನ್ನೂ ಹೇಳುತ್ತದೆ: ಸಾಧ್ಯವಾದಷ್ಟು ಬೇಗ ಪಾಪನಿವೇದನೆಯ ಸಂಸ್ಕಾರವನ್ನು ಪಡೆಯುವ ದೃಢನಿಶ್ಚಯ. ಇದು ಕ್ಷಮೆಯ ಮೇಲೆ ಹೇರಿದ ಸುಂಕವಲ್ಲ. ಕ್ರಿಸ್ತರು ತಾವೇ ಏರ್ಪಡಿಸಿದ ದಾರಿಯನ್ನು ಬೇಡವೆನ್ನುತ್ತಾ ‘ನಿಮ್ಮನ್ನು ಪ್ರೀತಿಸುತ್ತೇನೆ’ ಎಂದು ಅವರಿಗೆ ಹೇಳುವುದರಲ್ಲಿ ಒಂದು ಒಡಕು ಇದೆ. ಹದಿನೆಂಟು ವರ್ಷ ನಿಮ್ಮನ್ನು ಕಾಡಿದ್ದು ಆ ಒಡಕೇ ಎಂದು ನನಗೆ ಅನಿಸುತ್ತದೆ. ಕೀರ್ತನೆಗಾರನು 32ನೆಯ ಕೀರ್ತನೆಯಲ್ಲಿ, ತಾನು ಪಾಪವನ್ನು ಹೇಳದೆ ಮೌನವಾಗಿದ್ದಾಗ ತನ್ನ ಎಲುಬುಗಳೇ ಸವೆದುಹೋದವು ಎಂದು ನರಳುತ್ತಾನೆ. ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಆ ಸಾಲು.

ದಾವೀದನ ಕಥೆಯನ್ನು ಮತ್ತೊಮ್ಮೆ ಓದಿ ನೋಡಿ. ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ತನ್ನವಳನ್ನಾಗಿ ಮಾಡಿಕೊಂಡ ಆ ಅರಸನಿಗೆ ದೇವರು ಕನಸಿನಲ್ಲಿ ಮಾತಾಡಬಹುದಿತ್ತು, ಮನಸ್ಸಿನೊಳಗೇ ಪಿಸುಗುಟ್ಟಬಹುದಿತ್ತು. ಹಾಗೆ ಮಾಡದೆ ಪ್ರವಾದಿ ನಾತಾನನನ್ನು ಕಳುಹಿಸಿದರು. ‘ನಾನು ಸರ್ವೇಶ್ವರನಿಗೆ ವಿರುದ್ಧ ಪಾಪಮಾಡಿದ್ದೇನೆ’ ಎಂದು ದಾವೀದನು ಹೇಳಿದ್ದು ಮನುಷ್ಯನೊಬ್ಬನ ಎದುರಿಗೆ. ಸರ್ವೇಶ್ವರ ಅವನ ಪಾಪವನ್ನು ತೊಲಗಿಸಿದ್ದಾರೆ ಎಂಬ ಮಾತು ಬಂದದ್ದೂ ಆ ಮನುಷ್ಯನ ಬಾಯಿಂದಲೇ. ಪಾಪಿಗೆ ತನ್ನ ಮನಸ್ಸಿನ ದನಿ ಯಾವುದು, ದೇವರ ದನಿ ಯಾವುದು ಎಂದು ಬೇರ್ಪಡಿಸುವುದು ಬಹಳ ಕಷ್ಟ. ಒಂದು ದಿನ ‘ಕ್ಷಮೆ ಸಿಕ್ಕಿತು’ ಎನ್ನುವ ಮನಸ್ಸು ಮರುದಿನ ‘ಇಲ್ಲ, ನಿನಗೆ ನೀನೇ ಹೇಳಿಕೊಂಡೆ’ ಎನ್ನುತ್ತದೆ. ಆದ್ದರಿಂದಲೇ ಕ್ಷಮೆಯ ಮಾತು ಹೊರಗಿನಿಂದ, ಕಿವಿಗೆ ಕೇಳುವ ದನಿಯಲ್ಲಿ ಬರಬೇಕು.

ಆ ದನಿಯ ಅಧಿಕಾರ ಗುರುವಿನ ಸ್ವಂತದ್ದಲ್ಲ. ಪುನರುತ್ಥಾನರಾದ ದಿನದ ಸಂಜೆ ಯೇಸುಸ್ವಾಮಿ ಮುಚ್ಚಿದ ಬಾಗಿಲುಗಳ ಒಳಗೆ ಶಿಷ್ಯರ ನಡುವೆ ನಿಂತು, ಅವರ ಮೇಲೆ ಉಸಿರೂದಿ, ಪವಿತ್ರಾತ್ಮರನ್ನು ಸ್ವೀಕರಿಸಿರಿ ಎಂದರು. ಅವರು ಯಾರ ಪಾಪಗಳನ್ನು ಕ್ಷಮಿಸುತ್ತಾರೋ ಅವರಿಗೆ ಕ್ಷಮೆ ದೊರಕುವುದೆಂದೂ, ಯಾರ ಪಾಪಗಳನ್ನು ಕ್ಷಮಿಸದೆ ಉಳಿಸುತ್ತಾರೋ ಅವು ಉಳಿಯುವುವೆಂದೂ ಹೇಳಿದರು (ಯೊವಾನ್ನ 20:22-23). ಕ್ಷಮಿಸುವುದೋ ಉಳಿಸುವುದೋ ಎಂದು ನಿರ್ಣಯಿಸಬೇಕಾದವನಿಗೆ ಪಾಪ ಏನೆಂದು ತಿಳಿಯದಿದ್ದರೆ ಆ ಅಧಿಕಾರಕ್ಕೆ ಅರ್ಥವಿಲ್ಲ. ಪಾಪಗಳನ್ನು ಬಾಯಿಬಿಟ್ಟು ಹೇಳಬೇಕೆಂಬ ನಿಯಮದ ಬೇರು ಇಲ್ಲಿದೆ. ಪಾಪವಿಮೋಚನೆಯ ಮಂತ್ರದಲ್ಲಿ ಗುರು ‘ಪಿತನ, ಸುತನ ಮತ್ತು ಪವಿತ್ರಾತ್ಮರ ಹೆಸರಿನಲ್ಲಿ ನಾನು ನಿಮ್ಮನ್ನು ನಿಮ್ಮ ಪಾಪಗಳಿಂದ ವಿಮೋಚಿಸುತ್ತೇನೆ’ ಎನ್ನುವಾಗ ಆ ‘ನಾನು’ ಎಂಬಲ್ಲಿ ಮಾತಾಡುವವರು ಕ್ರಿಸ್ತರು. ಗುರು ಎಂಥವನು, ಎಷ್ಟು ಪವಿತ್ರನು ಎಂಬುದರ ಮೇಲೆ ನಿಮ್ಮ ಕ್ಷಮೆ ನಿಂತಿಲ್ಲ ಎಂಬುದು ಗುರುವಾದ ನನಗೂ ದೊಡ್ಡ ನೆಮ್ಮದಿ. ಅವನೂ ಪಾಪಿಯೇ. 2014ರ ಮಾರ್ಚ್ 28ರಂದು ಸಂತ ಪೇತ್ರರ ಮಹಾದೇವಾಲಯದಲ್ಲಿ ಪೋಪ್ ಫ್ರಾನ್ಸಿಸ್ ಅವರು ಪಾಪನಿವೇದನೆ ಕೇಳಲು ಹೊರಟವರು, ಅದಕ್ಕೆ ಮೊದಲು ಎಲ್ಲರ ಕಣ್ಣೆದುರೇ ಒಬ್ಬ ಗುರುವಿನ ಮುಂದೆ ಮೊಣಕಾಲೂರಿ ತಮ್ಮ ಪಾಪಗಳನ್ನು ನಿವೇದಿಸಿದರು.

‘ಗುಟ್ಟು ಉಳಿಯುತ್ತದೆಯೇ’ ಎಂಬ ನಿಮ್ಮ ಭಯದ ಹಿಂದೆ ಇರುವುದು ನಾಚಿಕೆ. ನಾಚಿಕೆಯನ್ನು ಧರ್ಮಸಭೆ ಎಂದೂ ಹಗುರವಾಗಿ ಕಂಡಿಲ್ಲ. ಈ ಸಂಸ್ಕಾರದ ಎರಡು ಸಾವಿರ ವರ್ಷಗಳ ಇತಿಹಾಸವನ್ನು ಓದುತ್ತಾ ಹೋದಂತೆ, ಪಾಪಿಯ ಸುತ್ತ ನಿಂತ ಕಣ್ಣು ಕಿವಿಗಳು ಒಂದೊಂದಾಗಿ ಹಿಂದೆ ಸರಿದು, ಕೊನೆಗೆ ಒಂದೇ ಒಂದು ಕಿವಿ ಉಳಿದುಕೊಂಡ ಕಥೆಯಾಗಿ ಅದು ನನಗೆ ಕಾಣುತ್ತದೆ.

ಮೊದಲ ಶತಮಾನಗಳಲ್ಲಿ ಜ್ಞಾನಸ್ನಾನದ ನಂತರ ವಿಗ್ರಹಾರಾಧನೆ, ಕೊಲೆ, ವ್ಯಭಿಚಾರದಂತಹ ಘೋರ ಪಾಪದಲ್ಲಿ ಬಿದ್ದವರು ಬಿಷಪರ ಬಳಿ ತಮ್ಮ ಪಾಪವನ್ನು ತಿಳಿಸಿ, ಪ್ರಾಯಶ್ಚಿತ್ತ ಮಾಡುವವರ ಸಾಲಿಗೆ ಎಲ್ಲರ ಮುಂದೆ ಸೇರಬೇಕಾಗಿತ್ತು. ಪಾಪದ ವಿವರ ಬಹುಮಟ್ಟಿಗೆ ಗುಟ್ಟಾಗಿಯೇ ಇರುತ್ತಿತ್ತಾದರೂ ಪ್ರಾಯಶ್ಚಿತ್ತ ಮಾತ್ರ ಬಹಿರಂಗವಾಗಿತ್ತು. ತಿಂಗಳುಗಳ ಕಾಲ, ಕೆಲವೊಮ್ಮೆ ವರ್ಷಗಳ ಕಾಲ ಪರಮಪ್ರಸಾದದಿಂದ ದೂರವಿರಬೇಕಿತ್ತು, ಬದುಕಿನಲ್ಲಿ ಒಂದೇ ಒಂದು ಸಲ ಮಾತ್ರ ಆ ಅವಕಾಶ ದೊರೆಯುತ್ತಿತ್ತು. ಕ್ರಿ.ಶ. 250ರಲ್ಲಿ ರೋಮಿನ ದೇಸಿಯಸ್ ಚಕ್ರವರ್ತಿಯ ಹಿಂಸೆಗೆ ಅಂಜಿ ವಿಶ್ವಾಸವನ್ನು ತೊರೆದವರು ಆಮೇಲೆ ಅಳುತ್ತಾ ಮರಳಿ ಬಂದಾಗ, ಅವರನ್ನು ಸೇರಿಸಿಕೊಳ್ಳಲೇಬಾರದು ಎಂದು ನೊವಾಸಿಯನ್ ಎಂಬ ಗುರು ಹಟ ಹಿಡಿದು ಧರ್ಮಸಭೆಯಿಂದಲೇ ಬೇರೆಯಾದನು. ಕಾರ್ಥೇಜಿನ ಬಿಷಪ್ ಸಂತ ಸಿಪ್ರಿಯನರೂ ರೋಮಿನ ಬಿಷಪ್ ಸಂತ ಕೊರ್ನೇಲಿಯಸರೂ ತಕ್ಕ ಪ್ರಾಯಶ್ಚಿತ್ತದ ನಂತರ ಬಾಗಿಲು ತೆರೆಯಬೇಕು ಎಂದರು. ಧರ್ಮಸಭೆ ನಡೆದದ್ದು ಅವರ ದಾರಿಯಲ್ಲಿ. ಸಾಯುವ ಹಂತದಲ್ಲಿರುವ ಯಾವ ಪಶ್ಚಾತ್ತಾಪಿಗೂ ಪರಮಪ್ರಸಾದವನ್ನು ನಿರಾಕರಿಸಬಾರದು ಎಂದು 325ರಲ್ಲಿ ಬಿಷಪರು ಕೂಡಿದ ನೈಸಿಯಾ ಮಹಾಸಭೆ ವಿಧಿಸಿತು. ಪಶ್ಚಾತ್ತಾಪಿಗಳ ಪಾಪಗಳ ಪಟ್ಟಿಯನ್ನು ಜನರ ಮುಂದೆ ಓದುವ ರೂಢಿ ಇಟಲಿಯ ಕೆಲವು ಭಾಗಗಳಲ್ಲಿ ತಲೆಯೆತ್ತಿದಾಗ, 459ರಲ್ಲಿ ಪೋಪ್ ಸಂತ ಲಿಯೋ ಅವರು ಕಟುವಾದ ಪತ್ರ ಬರೆದು ಅದನ್ನು ನಿಷೇಧಿಸಿದರು. ಗುರುವಿಗೆ ಗುಟ್ಟಾಗಿ ಹೇಳಿದರೆ ಸಾಕು ಎಂಬುದು ಅವರ ಆಜ್ಞೆ. ನಾಚಿಕೆ ಅಥವಾ ಭಯದಿಂದ ಜನ ಈ ಔಷಧದಿಂದಲೇ ದೂರ ಉಳಿದಾರು ಎಂಬ ಕಾಳಜಿ ಆ ಪತ್ರದಲ್ಲಿ ಎದ್ದು ಕಾಣುತ್ತದೆ. ನಿಮ್ಮಂಥವರ ಬಗ್ಗೆ ಹದಿನೈದು ಶತಮಾನಗಳ ಹಿಂದೆಯೇ ಒಬ್ಬ ಪೋಪರು ಯೋಚಿಸಿದ್ದರು ಎಂಬುದನ್ನು ದಯವಿಟ್ಟು ಗಮನಿಸಿ.

ಆರನೆಯ ಶತಮಾನದಿಂದ ಐರಿಷ್ ಸನ್ಯಾಸಿಗಳು ಯುರೋಪಿನ ಉದ್ದಗಲಕ್ಕೂ ತಂದದ್ದು ಇನ್ನೊಂದು ರೂಢಿ: ಗುಟ್ಟಾಗಿ ಹೇಳುವುದು, ಗುಟ್ಟಾಗಿಯೇ ಪ್ರಾಯಶ್ಚಿತ್ತ ಪಡೆಯುವುದು, ಬಿದ್ದಾಗಲೆಲ್ಲ ಮತ್ತೆ ಬರುವುದು. ಇದು ಸಡಿಲ ಎಂದು ಕೆಲವರು ಆಕ್ಷೇಪಿಸಿದರು. 589ರ ತೊಲೇದೊ ಸಭೆಯಂತೂ ಪಾಪ ಮಾಡಿದಾಗಲೆಲ್ಲ ಕ್ಷಮೆ ಕೇಳುವುದನ್ನು ಖಂಡಿಸಿತು. ಆದರೂ ಜನರಿಗೆ ಬೇಕಾಗಿದ್ದುದು ಅದೇ. ದೇವರ ಕರುಣೆಗೆ ಒಪ್ಪುವಂಥದ್ದೂ ಅದೇ ಎಂಬುದನ್ನು ಕಾಲ ತೋರಿಸಿತು. 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆ ವಿವೇಕದ ವಯಸ್ಸಿಗೆ ಬಂದ ಪ್ರತಿಯೊಬ್ಬರೂ ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. ಅದೇ ವಿಧಿಯಲ್ಲಿ, ಕೇಳಿದ್ದನ್ನು ಮಾತಿನಿಂದಾಗಲೀ ಸನ್ನೆಯಿಂದಾಗಲೀ ಬಯಲು ಮಾಡಿದ ಗುರುವನ್ನು ಪದವಿಯಿಂದ ಇಳಿಸಿ, ಬದುಕಿನ ಕೊನೆಯವರೆಗೂ ಪ್ರಾಯಶ್ಚಿತ್ತಕ್ಕಾಗಿ ಕಟ್ಟುನಿಟ್ಟಿನ ಮಠಕ್ಕೆ ಕಳುಹಿಸಬೇಕೆಂದೂ ಆಜ್ಞಾಪಿಸಿತು. ಹದಿನಾರನೆಯ ಶತಮಾನದಲ್ಲಿ ಮಿಲಾನಿನ ಆರ್ಚ್‌ಬಿಷಪ್ ಸಂತ ಚಾರ್ಲ್ಸ್ ಬೊರೊಮಿಯೊ ಗುರು ಮತ್ತು ನಿವೇದಕರ ನಡುವೆ ಜಾಲರಿಯಿರುವ ಪೀಠವನ್ನು ರೂಢಿಗೆ ತಂದರು. ಇಂದು ಅದು ಹಳೆಯ ಕಾಲದ ಪೀಠೋಪಕರಣದಂತೆ ಕಂಡರೂ, ಜಾಲರಿಯ ಹಿಂದೆ ಮುಖ ಮರೆಸಿಕೊಂಡು ನಿವೇದಿಸುವ ಹಕ್ಕನ್ನು ಇಂದಿನ ಕಾನೂನೂ ಉಳಿಸಿಕೊಂಡಿದೆ.

ಎಲ್ಲರೂ ಹಿಂದೆ ಸರಿದ ಮೇಲೆ ಆ ಕೊನೆಯ ಒಂದು ಕಿವಿಯನ್ನು ಮಾತ್ರ ಧರ್ಮಸಭೆ ತೆಗೆಯಲಿಲ್ಲ. ಏಕೆಂದರೆ ನಾವು ಮಾಡುವ ಯಾವ ಪಾಪವೂ ನಮ್ಮ ಮತ್ತು ದೇವರ ನಡುವೆ ಮಾತ್ರ ಉಳಿಯುವುದಿಲ್ಲ. ನಿಮ್ಮದನ್ನೇ ನೋಡಿ, ಒಂದು ಕುಟುಂಬದ ಅನ್ನವೇ ಅದರಲ್ಲಿ ಹೋಯಿತು. ಪಾಪದಿಂದ ಗಾಯವಾದ ಸಮುದಾಯದ ಪರವಾಗಿಯೂ ಆ ಒಂದು ಕಿವಿ ಅಲ್ಲಿರುತ್ತದೆ, ದೇವರ ಪರವಾಗಿಯೂ ಇರುತ್ತದೆ. ಇಬ್ಬರ ಪರವಾಗಿಯೂ ಅದೇ ಗುರು ಕ್ಷಮೆಯನ್ನು ಉಚ್ಚರಿಸುತ್ತಾನೆ.

ಆ ಕಿವಿಗೆ ಹಾಕಿರುವ ಬೀಗದ ವಿಷಯಕ್ಕೆ ಬರುತ್ತೇನೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 983ನೆಯ ವಿಧಿ ಪಾಪನಿವೇದನೆಯ ಮುದ್ರೆಯನ್ನು ಎಂದಿಗೂ ಒಡೆಯಲಾಗದ್ದು ಎಂದು ಸಾರುತ್ತದೆ. ಮಾತಿನಿಂದಾಗಲೀ ಬೇರಾವ ರೀತಿಯಿಂದಾಗಲೀ, ಯಾವ ಕಾರಣಕ್ಕಾಗಲೀ, ಗುರುವು ನಿವೇದಕರನ್ನು ಬಯಲು ಮಾಡುವಂತಿಲ್ಲ. 984ನೆಯ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಗುಟ್ಟು ಬಯಲಾಗುವ ಭಯ ಸ್ವಲ್ಪವೂ ಇಲ್ಲದಿದ್ದಾಗಲೂ, ಅಲ್ಲಿ ತಿಳಿದದ್ದನ್ನು ನಿವೇದಕರಿಗೆ ತೊಂದರೆಯಾಗುವಂತೆ ಬಳಸಬಾರದು. ಅಂದರೆ ನೀವು ಹೇಳಿದ್ದನ್ನು ಕೇಳಿದ ಗುರು, ನಾಳೆ ನಿಮ್ಮ ಧರ್ಮಕೇಂದ್ರದ ಹಣಕಾಸನ್ನು ನಿಮ್ಮ ಕೈಗೆ ಕೊಡುವ ಮಾತು ಬಂದಾಗ ಆ ತಿಳಿವಳಿಕೆಯ ಮೇಲೆ ನಿಮ್ಮನ್ನು ತಡೆಯುವಂತೆಯೂ ಇಲ್ಲ. ಮುದ್ರೆಯನ್ನು ನೇರವಾಗಿ ಒಡೆದವನು ಆ ಕ್ಷಣದಲ್ಲೇ ಧರ್ಮಸಭೆಯಿಂದ ಬಹಿಷ್ಕೃತನಾಗುತ್ತಾನೆ, ಅದನ್ನು ತೆಗೆಯುವ ಅಧಿಕಾರ ರೋಮಿಗೆ ಮಾತ್ರ ಇದೆ. 1393ರಲ್ಲಿ ಪ್ರಾಗ್ ನಗರದ ಗುರು ನೆಪೊಮುಕಿನ ಸಂತ ಯೊವಾನ್ನರನ್ನು ಅರಸನ ಆಜ್ಞೆಯಂತೆ ವ್ಲ್ತಾವಾ ನದಿಗೆ ಎಸೆದು ಕೊಂದರು. ರಾಣಿಯ ಪಾಪನಿವೇದನೆಯನ್ನು ಹೇಳಲೊಪ್ಪದ್ದೇ ಕಾರಣವೆಂದು ಪರಂಪರೆ ನೆನೆಯುತ್ತದೆ. ಅರಸನಿಗೂ ಆರ್ಚ್‌ಬಿಷಪರಿಗೂ ಇದ್ದ ಕಲಹವೇ ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ಕಾರಣ ಏನೇ ಇದ್ದರೂ, ಬಾಯಿ ಬಿಡದ ಗುರುವಿನ ಮಾದರಿಯಾಗಿ ಜನ ಅವರನ್ನು ಶತಮಾನಗಳಿಂದ ನೆನೆಯುತ್ತಾ ಬಂದಿರುವುದರಲ್ಲಿ, ಈ ಮುದ್ರೆಯನ್ನು ವಿಶ್ವಾಸಿಗಳು ಎಷ್ಟು ಪವಿತ್ರವೆಂದು ತಿಳಿದಿದ್ದಾರೆ ಎಂಬುದು ಕಾಣುತ್ತದೆ.

ಇನ್ನೊಂದು ಸಂಗತಿಯನ್ನೂ ಸ್ಪಷ್ಟಪಡಿಸಬೇಕು, ಏಕೆಂದರೆ ನಿಮ್ಮದು ಕಾನೂನಿನ ಕಣ್ಣಿನಲ್ಲೂ ಅಪರಾಧವೇ. ‘ನೀವು ಅಧಿಕಾರಿಗಳ ಮುಂದೆ ಶರಣಾದರೆ ಮಾತ್ರ ಪಾಪವಿಮೋಚನೆ ಕೊಡುತ್ತೇನೆ’ ಎಂದು ಗುರು ಷರತ್ತು ಹಾಕುವಂತಿಲ್ಲ. ವ್ಯಾಟಿಕನ್ನಿನ ಪ್ರೇಷಿತ ಪಾಪವಿಮೋಚನಾ ನ್ಯಾಯಪೀಠವು 2019ರ ತನ್ನ ಟಿಪ್ಪಣಿಯಲ್ಲಿ ಇದನ್ನು ಬಿಡಿಸಿ ಹೇಳಿದೆ. ಆದರೆ ನಿಜವಾದ ಪಶ್ಚಾತ್ತಾಪವೂ ತಿದ್ದಿಕೊಳ್ಳುವ ನಿಶ್ಚಯವೂ ಇರಲೇಬೇಕು ಎಂಬುದನ್ನೂ ಅದೇ ಟಿಪ್ಪಣಿ ಹೇಳುತ್ತದೆ.

ಇನ್ನು ನಿಮಗೆ ಅತ್ಯಂತ ನೋವು ತರುವ ಭಾಗ. ಮಾರಕ ಪಾಪವೊಂದನ್ನು, ಅದು ಹೇಳಲೇಬೇಕಾದದ್ದು ಎಂದು ತಿಳಿದಿದ್ದೂ, ಬೇಕೆಂದೇ ಮುಚ್ಚಿಟ್ಟು ಮಾಡಿದ ಪಾಪನಿವೇದನೆ ಫಲಿಸುವುದಿಲ್ಲ. ವಿಷಯ ಗಂಭೀರವಾಗಿದ್ದು, ಅದು ಗಂಭೀರವೆಂದು ತಿಳಿದೂ, ಮನಸ್ಸಾರೆ ಒಪ್ಪಿ ಮಾಡಿದ್ದು ಮಾರಕ ಪಾಪ. ನಿಮ್ಮದು ಈ ಮೂರಕ್ಕೂ ಸಲ್ಲುತ್ತದೆ ಎಂದು ನಿಮ್ಮ ಪತ್ರದಿಂದಲೇ ತೋರುತ್ತದೆ. 1551ರ ನವೆಂಬರ್ 25ರಂದು ಟ್ರೆಂಟ್ ಮಹಾಸಭೆ ಇದನ್ನು ವಿವರಿಸುವಾಗ ಸಂತ ಜೆರೋಮರ ಮಾತೊಂದನ್ನು ಎತ್ತಿ ಹೇಳಿತು: ರೋಗಿಯು ನಾಚಿಕೊಂಡು ಗಾಯವನ್ನು ವೈದ್ಯನಿಗೆ ತೋರಿಸದಿದ್ದರೆ, ತನಗೆ ತಿಳಿಯದ ಗಾಯವನ್ನು ಔಷಧ ಗುಣಪಡಿಸುವುದಿಲ್ಲ. ‘ಹಿಂದಿನ ಎಲ್ಲ ಪಾಪಗಳಿಗೂ’ ಎಂಬ ನಿಮ್ಮ ಕೊನೆಯ ಸಾಲು ಒಳ್ಳೆಯ ಸಾಲೇ. ಮರೆತುಹೋದ ಪಾಪಗಳನ್ನು ಅದು ನಿಜವಾಗಿಯೂ ಒಳಗೊಳ್ಳುತ್ತದೆ. ಪ್ರಾಮಾಣಿಕವಾಗಿ ಆತ್ಮಪರಿಶೋಧನೆ ಮಾಡಿಯೂ ನೆನಪಿಗೆ ಬಾರದ ಮಾರಕ ಪಾಪವು ಉಳಿದವುಗಳ ಜೊತೆಯಲ್ಲೇ ಕ್ಷಮಿಸಲ್ಪಡುತ್ತದೆ, ನೆನಪಾದಾಗ ಮುಂದಿನ ಸಲ ಹೇಳಿದರಾಯಿತು. ಆದರೆ ನಾಲಗೆಯ ತುದಿಯಲ್ಲಿದ್ದು, ಹಲ್ಲು ಕಚ್ಚಿ ಒಳಗೇ ಉಳಿಸಿಕೊಂಡ ಪಾಪವನ್ನು ಆ ಸಾಲು ಒಳಗೊಳ್ಳುವುದಿಲ್ಲ.

ಹಾಗಾದರೆ ಹದಿನೆಂಟು ವರ್ಷಗಳ ಎಲ್ಲವೂ ಶೂನ್ಯವೇ ಎಂದು ಎದೆಗುಂದಬೇಡಿ. ನಿಮ್ಮ ಜ್ಞಾನಸ್ನಾನ ಅಳಿಸಿಹೋಗಿಲ್ಲ, ನಿಮ್ಮ ಪ್ರಾರ್ಥನೆಗಳನ್ನು ದೇವರು ಕೇಳದೆ ಇದ್ದದ್ದಿಲ್ಲ. ಇಂದು ನೀವು ಬರೆಯುವಂತೆ ಮಾಡಿದ ಈ ಅಶಾಂತಿಯೂ ಅವರ ವರಪ್ರಸಾದವೇ. ಜೊತೆಗೆ, ಆ ಕೊನೆಯ ಸಾಲು ಸಾಕಾಗಬಹುದು ಎಂದು ನೀವು ನಿಜವಾಗಿ ನಂಬಿದ್ದಿರೋ, ಸಾಲದು ಎಂದು ತಿಳಿದೂ ಅದರ ಹಿಂದೆ ಅಡಗಿದ್ದಿರೋ ಎಂಬುದು ಹೊಣೆಯ ತೂಕವನ್ನು ಬಹಳ ಬದಲಾಯಿಸುತ್ತದೆ. ಅದನ್ನು ಪತ್ರದ ಮೂಲಕ ನಾನು ಅಳೆಯಲಾರೆ, ಅಳೆಯಲೂ ಬಾರದು. ನಿಮ್ಮ ಪಾಪನಿವೇದನೆ ಕೇಳುವ ಗುರು ನಾಲ್ಕು ಪ್ರಶ್ನೆ ಕೇಳಿ ಅದನ್ನು ತಿಳಿಯಬಲ್ಲರು. ಪರಮಪ್ರಸಾದದ ವಿಷಯವೂ ಅಷ್ಟೇ. ಮಾರಕ ಪಾಪವಿದೆಯೆಂದು ಬಲ್ಲವರು ಪಾಪನಿವೇದನೆಯಿಲ್ಲದೆ ಅದನ್ನು ಸ್ವೀಕರಿಸಬಾರದು ಎಂಬುದು ನಿಯಮ. ಸಂತ ಪೌಲರು ಕೊರಿಂಥದವರಿಗೆ ಬರೆದ ಎಚ್ಚರಿಕೆಯೂ ಅದೇ. ಆದ್ದರಿಂದ ಅದನ್ನೂ ನಿವೇದನೆಯಲ್ಲಿ ಸೇರಿಸಿ ಹೇಳಿ. ಎಷ್ಟು ಸಲ ಎಂದು ಹದಿನೆಂಟು ವರ್ಷಗಳ ಭಾನುವಾರಗಳನ್ನು ಎಣಿಸುತ್ತಾ ಕೂರಬೇಡಿ, ‘ಇಷ್ಟು ವರ್ಷ, ಬಹುತೇಕ ಪ್ರತಿವಾರ’ ಎಂದರೆ ಸಾಕು. ಅಲ್ಲಿಯವರೆಗೆ ಬಲಿಪೂಜೆಗೆ ಹೋಗುತ್ತಿರಿ, ಆದರೆ ಪರಮಪ್ರಸಾದದ ಸಾಲಿನಲ್ಲಿ ನಿಲ್ಲಬೇಡಿ. ಆ ಹಸಿವು ನಿಮ್ಮನ್ನು ಬೇಗ ಪೀಠದ ಬಳಿಗೆ ಕರೆತರಲಿ.

ನಿಮಗೆ ಬೇಕಾದದ್ದು ಸಮಗ್ರ ಪಾಪನಿವೇದನೆ. ಆ ಹಣದ ವಿಷಯದ ಜೊತೆಗೆ, ಅಂದಿನಿಂದ ಇಂದಿನವರೆಗೆ ಹೇಳಿದ್ದರೂ ಫಲಿಸದೆ ಹೋದ ಇತರ ಮಾರಕ ಪಾಪಗಳನ್ನೂ ಮತ್ತೆ ಹೇಳಬೇಕಾಗುತ್ತದೆ. ಅಷ್ಟು ಗಂಭೀರವಲ್ಲದ ಲಘುಪಾಪಗಳನ್ನು ಮರಳಿ ಹೇಳಲೇಬೇಕೆಂದಿಲ್ಲ. ಯಾವ ಬಗೆಯ ಪಾಪ, ಸುಮಾರು ಎಷ್ಟು ಸಲ, ಅದರ ಸ್ವರೂಪವನ್ನೇ ಬದಲಿಸುವ ಸಂದರ್ಭ ಏನಾದರೂ ಇತ್ತೇ, ಇಷ್ಟೇ ಬೇಕಾದದ್ದು. ಕಥೆಯ ಎಲ್ಲ ತಿರುವುಗಳೂ ಬೇಡ, ಯಾರ ಹೆಸರೂ ಬೇಡ. ಪಾಪದಲ್ಲಿ ಜೊತೆಯಾದವರ ಹೆಸರನ್ನು ಗುರು ಕೇಳಲೂಬಾರದು ಎಂಬುದು 979ನೆಯ ವಿಧಿ. ಪರಿಚಯದ ಗುರುವಿನ ಮುಂದೆ ನಾಲಗೆ ಏಳದಿದ್ದರೆ, ನಿಮ್ಮನ್ನು ಎಂದೂ ಕಂಡಿಲ್ಲದ ಗುರುವಿನ ಬಳಿಗೆ ಹೋಗಿ. ಯಾರ ಬಳಿ ನಿವೇದಿಸಬೇಕೆಂಬ ಆಯ್ಕೆ ಪೂರ್ತಿಯಾಗಿ ನಿಮ್ಮದು. ಶನಿವಾರ ಸಂಜೆಯ ಸಾಲಿನಲ್ಲಿ ಹಿಂದೆ ನಿಂತವರ ಕೆಮ್ಮು ಕೇಳುತ್ತಾ ಅವಸರದಲ್ಲಿ ಮುಗಿಸುವ ಬದಲು, ಮೊದಲೇ ಸಮಯ ಕೇಳಿಟ್ಟುಕೊಳ್ಳಿ. ಫೋನಿನಲ್ಲಾಗಲೀ ಪತ್ರದಲ್ಲಾಗಲೀ ಈ ಸಂಸ್ಕಾರ ನಡೆಯುವುದಿಲ್ಲ, ನೀವು ಎದುರಿಗಿರಬೇಕು.

ಮಾತು ಹೊರಡದಿದ್ದರೆ ಹೀಗೆ ಆರಂಭಿಸಿ: ‘ಸ್ವಾಮಿ, ಹದಿನೆಂಟು ವರ್ಷಗಳಿಂದ ಒಂದು ದೊಡ್ಡ ಪಾಪವನ್ನು ನಾಚಿಕೆಯಿಂದ ಮುಚ್ಚಿಟ್ಟು ಪಾಪನಿವೇದನೆ ಮಾಡುತ್ತಾ ಬಂದಿದ್ದೇನೆ. ದಯವಿಟ್ಟು ನನಗೆ ಸಹಾಯ ಮಾಡಿ.’ ಈ ಎರಡು ವಾಕ್ಯ ಬಾಯಿಂದ ಹೊರಬಿದ್ದ ಮೇಲೆ ಉಳಿದದ್ದನ್ನು ಹೊರತೆಗೆಯಲು ನೆರವಾಗುವುದು ಗುರುವಿನ ಕರ್ತವ್ಯ. ಅವರು ಗದರಿಸುತ್ತಾರೆ ಎಂಬ ಭಯ ಬೇಡ. ಇಷ್ಟು ಕಾಲದ ನಂತರ ಬಂದ ಒಬ್ಬರನ್ನು ಕಾಣುವಾಗ ಪೀಠದಲ್ಲಿ ಕುಳಿತವನಿಗೆ ಆಗುವುದು ಬೆರಗು ಮತ್ತು ಕೃತಜ್ಞತೆ. ಇದನ್ನು ಯಾರೊಬ್ಬರ ಗುಟ್ಟನ್ನೂ ಮುಟ್ಟದೆ, ನನ್ನ ಎದೆಯ ಬಗ್ಗೆಯಷ್ಟೇ ಹೇಳುತ್ತಿದ್ದೇನೆ.

ಹಣ ಮತ್ತು ಜೊತೆಗಾರರ ವಿಷಯವನ್ನು ಇಷ್ಟಕ್ಕೇ ಬಿಡುವಂತಿಲ್ಲ. ಪಾಪವಿಮೋಚನೆಯು ಪಾಪವನ್ನು ತೆಗೆಯುತ್ತದೆ. ಪಾಪದಿಂದ ಆದ ಹಾನಿಯನ್ನೆಲ್ಲ ತಾನಾಗಿಯೇ ಸರಿಪಡಿಸುವುದಿಲ್ಲ. ಬೆಂಕಿ ಆರಿದ ಮೇಲೂ ಗೋಡೆಯ ಮಸಿಯನ್ನು ಯಾರಾದರೂ ಉಜ್ಜಬೇಕು. ಸುಂಕದವನಾಗಿದ್ದ ಜಕ್ಕಾಯನು ಯೇಸುಸ್ವಾಮಿಯನ್ನು ಮನೆಗೆ ಬರಮಾಡಿಕೊಂಡಾಗ, ಯಾರೂ ಕೇಳುವ ಮೊದಲೇ, ತಾನು ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುವುದಾಗಿ ಹೇಳಿದನು. ನಿಮ್ಮಿಂದ ಕೇಳುವುದು ನಾಲ್ಕರಷ್ಟಲ್ಲ. ತೆಗೆದುಕೊಂಡದ್ದನ್ನು, ಅಥವಾ ಅದರ ಬೆಲೆಯನ್ನು, ಹಿಂದಿರುಗಿಸಬೇಕು. ಒಡೆಯರು ತೀರಿಕೊಂಡಿದ್ದರೆ ಅದು ಅವರ ವಾರಸುದಾರರಿಗೆ ಸೇರಬೇಕು. ಎಷ್ಟು ಪ್ರಯತ್ನಿಸಿದರೂ ವಾರಸುದಾರರೇ ಸಿಗದಿದ್ದರೆ, ಬಡವರಿಗೆ ಕೊಡುವುದು ನೀತಿಶಾಸ್ತ್ರದಲ್ಲಿ ಬಹುಕಾಲದಿಂದ ಒಪ್ಪಿಕೊಂಡ ದಾರಿ. ಸಿಗುವಂತಿದ್ದರೆ ಮಾತ್ರ, ಬಡವರಿಗೆ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಹಿಂದಿರುಗಿಸುವಾಗ ನಿಮ್ಮ ಹೆಸರು ಹೇಳಿಕೊಳ್ಳಲೇಬೇಕೆಂದಿಲ್ಲ. ನಂಬಿಕೆಯ ಮಧ್ಯವರ್ತಿಯೊಬ್ಬರ ಮೂಲಕ ತಲುಪಿಸಬಹುದು. ಒಮ್ಮೆಲೇ ಆಗದಿದ್ದರೆ ಕಂತುಕಂತಾಗಿ ಕೊಡಬಹುದು. ತಕ್ಷಣವೇ ಕೊಟ್ಟು ಮುಗಿಸಿದವರಿಗೆ ಮಾತ್ರ ಪಾಪವಿಮೋಚನೆ ಎಂದಲ್ಲ. ಕೊಡುವ ನಿಜವಾದ ನಿಶ್ಚಯ ನಿವೇದನೆಯ ಹೊತ್ತಿಗೆ ಇರಬೇಕು.

ಜೊತೆಗಾರರ ವಿಷಯ ಇದಕ್ಕಿಂತ ಸೂಕ್ಷ್ಮ, ಮತ್ತು ನನ್ನ ಮಟ್ಟಿಗೆ ಹಣಕ್ಕಿಂತ ಭಾರವಾದದ್ದು. ಅವರ ಕಡೆಗೆ ಬೆರಳು ತೋರಿಸಿದವರು ನೀವೇ ಆಗಿದ್ದರೆ, ಅಥವಾ ಅನುಮಾನ ಅವರ ಮೇಲೆ ಬೀಳುವಂತೆ ಲೆಕ್ಕವನ್ನು ತಿರುಚಿದ್ದರೆ, ಅವರ ಹೆಸರನ್ನೂ ಕಳೆದುಕೊಂಡ ಸಂಪಾದನೆಯನ್ನೂ ತುಂಬಿಕೊಡುವುದು ನ್ಯಾಯದ ಸಾಲ. ಇತರರು ತಾವಾಗಿಯೇ ತಪ್ಪು ತಿಳಿದು, ನೀವು ಭಯದಿಂದ ಸುಮ್ಮನಿದ್ದಿದ್ದರೆ ಹೊಣೆಯ ತೂಕ ಬೇರೆ. ಆಗಲೂ ಹೊಣೆ ಇಲ್ಲದೆ ಹೋಗುವುದಿಲ್ಲ, ಏಕೆಂದರೆ ನಿಮ್ಮ ಒಂದು ಮಾತು ಅವರನ್ನು ಉಳಿಸಬಹುದಿತ್ತು. ನಿಮ್ಮ ಪತ್ರ ಎರಡನೆಯದನ್ನೇ ಸೂಚಿಸುತ್ತದೆ, ಆದರೂ ಈ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಂಡು ಗುರುವಿಗೆ ನಿಖರವಾಗಿ ಹೇಳಿ. ಅವರು ಎಲ್ಲಿದ್ದಾರೆಂದು ತಿಳಿಯಲು ಪ್ರಯತ್ನಿಸಿ. ಸಿಕ್ಕಿದರೆ ಏನು ಮಾಡಬೇಕು, ನೇರವಾಗಿ ಹೇಳಬೇಕೋ, ಮಧ್ಯವರ್ತಿಯ ಮೂಲಕ ನೆರವು ತಲುಪಿಸಬೇಕೋ, ಅವರ ಮೇಲಿನ ಕಳಂಕ ತೊಡೆಯಲು ಈಗ ಯಾವ ದಾರಿ ಉಳಿದಿದೆ, ಎಂಬುದನ್ನು ಒಬ್ಬರೇ ನಿರ್ಧರಿಸಬೇಡಿ. ಅಪರಾಧಿಯ ಮನಸ್ಸು ಒಂದು ದಿನ ಎಲ್ಲವನ್ನೂ ಸುಟ್ಟುಕೊಳ್ಳಲು ಹೊರಡುತ್ತದೆ, ಇನ್ನೊಂದು ದಿನ ಏನೂ ಬೇಡ ಎನ್ನುತ್ತದೆ. ನ್ಯಾಯ ಮತ್ತು ವಿವೇಕ ಎರಡನ್ನೂ ಬಲ್ಲ ಗುರುವಿನ ಜೊತೆ ಕುಳಿತು, ಹೆಜ್ಜೆ ಹೆಜ್ಜೆಯಾಗಿ ನಿರ್ಧರಿಸಿ. ಅವರು ಸಿಗದಿದ್ದರೆ ಪ್ರತಿದಿನ ಅವರಿಗಾಗಿ ಪ್ರಾರ್ಥಿಸುವುದು, ಅವರ ಹೆಸರು ಎಲ್ಲಿ ಬಂದರೂ ಅವರ ಪರವಾಗಿ ಮಾತಾಡುವುದು ಉಳಿದೇ ಇರುತ್ತದೆ.

ಗುರು ಕೊಡುವ ಪ್ರಾಯಶ್ಚಿತ್ತ ನಿಮಗೆ ತೀರಾ ಚಿಕ್ಕದಾಗಿ ಕಾಣಬಹುದು. ಹದಿನೆಂಟು ವರ್ಷದ ಭಾರಕ್ಕೆ ಒಂದು ಕೀರ್ತನೆ, ಒಂದು ಉಪವಾಸ ಎಲ್ಲಿ ಸಮ ಎಂದು ಅನಿಸಬಹುದು. ಅದು ಸಮವಾಗಬೇಕಾದದ್ದಲ್ಲ. ಬೆಲೆಯನ್ನು ತೆತ್ತವರು ಕ್ರಿಸ್ತರು. ನಮ್ಮ ಪ್ರಾಯಶ್ಚಿತ್ತ ಅವರ ಶಿಲುಬೆಗೆ ಸೇರಿಸಿದ ಒಂದು ಸಣ್ಣ ಕಡ್ಡಿ. ಕೊಟ್ಟದ್ದನ್ನು ಕೊಟ್ಟ ಹಾಗೆಯೇ ನೆರವೇರಿಸಿ.

ಪಾಪವಿಮೋಚನೆ ಪಡೆದು ಹೊರಬಂದಾಗ ಹಗುರ ಅನಿಸದಿದ್ದರೆ, ಅಥವಾ ಒಂದೆರಡು ತಿಂಗಳಲ್ಲಿ ‘ಸರಿಯಾಗಿ ಹೇಳಿದೆನೇ?’ ಎಂಬ ಹುಳು ಮತ್ತೆ ಕೊರೆಯತೊಡಗಿದರೆ, ಸಂತ ಇಗ್ನಾಸಿಯಸ್ ಲೊಯೋಲರನ್ನು ನೆನೆಯಿರಿ. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ ಅವರು ಈಗಾಗಲೇ ಎಚ್ಚರದಿಂದ ನಿವೇದಿಸಿದ್ದ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸುತ್ತಾ, ಸಮಾಧಾನ ಕಾಣದೆ, ಪ್ರಾಣ ಕಳೆದುಕೊಳ್ಳುವ ಪ್ರಲೋಭನೆಯವರೆಗೂ ಹೋಗಿದ್ದರು. ಹಿಂದಿನ ಪಾಪಗಳನ್ನು ಇನ್ನು ಮೇಲೆ ಎಂದೂ ನಿವೇದಿಸುವುದಿಲ್ಲ ಎಂದು ನಿರ್ಧರಿಸಿದ ಮೇಲೆಯೇ ಅವರಿಗೆ ಬಿಡುಗಡೆ ದೊರೆತದ್ದು. ಹೇಳದೆ ಉಳಿಸಿಕೊಂಡ ಪಾಪ ಒಂದು ಸಂಕಟವಾದರೆ, ಹೇಳಿದ ಪಾಪವನ್ನು ಮತ್ತೆ ಮತ್ತೆ ಅಗೆಯುವುದು ಇನ್ನೊಂದು ಸಂಕಟ. ಮೊದಲನೆಯದರಿಂದ ಹೊರಬಂದವರು ಎರಡನೆಯದರಲ್ಲಿ ಬೀಳುವುದನ್ನು ನಾನು ಬಹಳ ಅಂಜುತ್ತೇನೆ. ಆದ್ದರಿಂದ ಈ ಪಾಪವನ್ನು ಒಮ್ಮೆ, ಪೂರ್ತಿಯಾಗಿ, ಸ್ಪಷ್ಟವಾಗಿ ನಿವೇದಿಸಿ. ಆಮೇಲೆ ಅದನ್ನು ಮತ್ತೆ ನಿವೇದಿಸಬೇಡಿ. ಭಯ ಮರಳಿ ಬಂದರೆ ಅದೇ ಗುರುವಿನ ಬಳಿ ಭಯವನ್ನು ಮಾತ್ರ ಹೇಳಿ, ಅವರು ಹೇಳಿದಂತೆ ನಡೆಯಿರಿ.